ಬೆಂಗಳೂರಿನ ಚಳಿಗಾಲಕ್ಕೆ ಹೊಲದ್ದೇ ಪಂಚಾಂಗ

ದೀಪಾವಳಿ ಮುಗಿದು ಕಾರ್ತಿಕ ಸೋಮವಾರಗಳು ಒಂದೊಂದಾಗಿ ಕಳೆಯುತ್ತಾ ಬಂದ ಹಾಗೆ ನಮ್ಮ ಹನುಮಂತನಗರದಲ್ಲಿ ಬೆಳಗಿನ ಹೊತ್ತು ಸ್ವೆಟರು, ಮಫ್ಲರು ಹೊರಗೆ ಬರುತ್ತವೆ. ಸಮುದ್ರ ಮಟ್ಟದಿಂದ ಒಂಬೈನೂರು ಮೀಟರಿಗೂ ಹೆಚ್ಚು ಎತ್ತರದಲ್ಲಿರುವ ಊರು ಇದು. 1884ರ ಜನವರಿ 13ರಂದು 7.8 ಡಿಗ್ರಿಗೆ ಇಳಿದದ್ದೇ ಇವತ್ತಿಗೂ ದಾಖಲೆ. ಅಂಥ ಚಳಿ ಈಗ ಎಲ್ಲಿದೆ ಅಂತ ಹಳಬರು ಹೇಳ್ತಾರೆ, ಸರಿಯೇ. ಆದರೂ ಕಾರ್ತಿಕದ ಕೊನೆಯಿಂದ ಜನವರಿ ಮುಗಿಯುವವರೆಗೆ ರಜಾ ದಿನ ಮನೆಯೊಳಗೆ ಕೂರೋದು ನನ್ನ ಕೈಲಿ ಆಗೋದಿಲ್ಲ.

ನಾನು ಮಾಗಡಿ ಕಡೆಯ ಹಳ್ಳಿಯವಳು. ಅಪ್ಪ ಈಗಲೂ ರಾಗಿ ಹಾಕ್ತಾರೆ. ಮದುವೆಯಾಗಿ ಇಲ್ಲಿಗೆ ಬಂದ ಹೊಸದರಲ್ಲಿ ಈ ಊರಿನ ಪರಿಷೆ, ಮೇಳ, ಸಂತೆಗಳೆಲ್ಲ ನನಗೆ ಬರೀ ಜನಜಾತ್ರೆಯಾಗಿ ಕಾಣುತ್ತಿದ್ದವು. ವರ್ಷಗಳು ಕಳೆದ ಮೇಲೆ ಅವುಗಳ ಸರದಿ ಅರ್ಥವಾಯಿತು. ಕಡಲೆಕಾಯಿ ಕಿತ್ತ ಮೇಲೆ ಪರಿಷೆ. ಇಬ್ಬನಿ ಬೀಳಲು ಶುರುವಾದ ಮೇಲೆ ಅವರೆಕಾಯಿ. ಕಣದ ಕೆಲಸ ಮುಗಿದ ಮೇಲೆ ಸಂಕ್ರಾಂತಿ. ಇಷ್ಟು ದೊಡ್ಡ ಊರು ಇವತ್ತಿಗೂ ಸುತ್ತಲಿನ ಮಳೆಯಾಶ್ರಿತ ಹೊಲಗಳನ್ನು ನೋಡಿಕೊಂಡೇ ಚಳಿಗಾಲದ ಹಬ್ಬ ಮಾಡುತ್ತದೆ. ಇದನ್ನು ತಿಳಿದು ಸುತ್ತಿದರೆ ಸುತ್ತಾಟದ ರುಚಿಯೇ ಬೇರೆ. ಅದಕ್ಕೇ ಬರೀತಿದ್ದೀನಿ.

ಮೊದಲಿನದು ಬಸವನಗುಡಿಯ ಕಡಲೆಕಾಯಿ ಪರಿಷೆ, ಕಾರ್ತಿಕದ ಕೊನೇ ಸೋಮವಾರ. ಸೋಮವಾರ ಅನ್ನೋದು ಪೂಜೆಯ ಲೆಕ್ಕಕ್ಕೆ. ಶನಿವಾರದ ಹೊತ್ತಿಗೇ ಬುಲ್ ಟೆಂಪಲ್ ರಸ್ತೆಯ ಎರಡೂ ಪಕ್ಕ ಗೋಣಿತಾಟು ಹಾಸಿ ರಾಶಿ ಸುರಿದಿರುತ್ತಾರೆ. ಕಥೆ ಎಲ್ಲರಿಗೂ ಗೊತ್ತಿರೋದೇ. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ, ದಾಸರಹಳ್ಳಿಗಳ ರೈತರ ಕಡಲೆಕಾಯಿ ಹೊಲಕ್ಕೆ ರಾತ್ರಿ ಹೊತ್ತು ಒಂದು ಬಸವ ನುಗ್ಗಿ ಮೇಯುತ್ತಿತ್ತಂತೆ. ಅಟ್ಟಿಸಿಕೊಂಡು ಹೋದರೆ ಗುಡ್ಡದ ಮೇಲೆ ಕಲ್ಲಾಗಿ ಕೂತಿತ್ತಂತೆ. ಕಲ್ಲಾದ ಮೇಲೂ ಬೆಳೆಯುತ್ತಲೇ ಇದ್ದದ್ದಕ್ಕೆ ತಲೆಯ ಮೇಲೆ ತ್ರಿಶೂಲ ನೆಟ್ಟು ನಿಲ್ಲಿಸಿದರು ಅಂತಾರೆ. ಕೆಂಪೇಗೌಡರು ಗುಡಿ ಕಟ್ಟಿಸಿದರು. ಅಂದಿನಿಂದ ವರ್ಷದ ಮೊದಲ ಫಸಲು ಬಸವಣ್ಣನಿಗೆ. ಒಂದೇ ಕಲ್ಲಿನ ಆ ನಂದಿ ಸುಮಾರು 15 ಅಡಿ ಎತ್ತರ, 20 ಅಡಿ ಉದ್ದ. ಎಣ್ಣೆ ಹಚ್ಚಿ ಹಚ್ಚಿ ಕರ್ರಗೆ ಮಿರುಗುತ್ತಾನೆ. ದಕ್ಷಿಣ ಅಮೆರಿಕದಿಂದ ಹಡಗು ಹತ್ತಿ ಬಂದ ಬೆಳೆಗೆ ನಮ್ಮವರು ಒಬ್ಬ ದೇವರನ್ನೂ ಒಂದು ಕಥೆಯನ್ನೂ ಕೊಟ್ಟು ಮನೆಯವರನ್ನಾಗಿ ಮಾಡಿಕೊಂಡರಲ್ಲ, ಅದು ನನಗೆ ಬಹಳ ಇಷ್ಟ.

ನಮ್ಮತ್ತೆ ಚಾಮರಾಜಪೇಟೆಯಲ್ಲೇ ಹುಟ್ಟಿ ಬೆಳೆದವರು. ಅವರು ಚಿಕ್ಕವರಿದ್ದಾಗ ರೈತರು ಗಾಡಿ ಕಟ್ಟಿಕೊಂಡು ಬಂದು ಕಹಳೆ ಬಂಡೆಯ ಹತ್ತಿರ ಎತ್ತು ಬಿಚ್ಚಿ ರಾತ್ರಿ ಅಲ್ಲೇ ಮಲಗುತ್ತಿದ್ದರಂತೆ. ಈಗ ಟೆಂಪೋಗಳಲ್ಲಿ ಬರುತ್ತಾರೆ. ಮಲಗೋದು ಮಾತ್ರ ಈಗಲೂ ರಾಶಿಯ ಪಕ್ಕದಲ್ಲೇ, ಕಂಬಳಿ ಹೊದ್ದು. ಚಿಂತಾಮಣಿ, ಶ್ರೀನಿವಾಸಪುರ, ಕೋಲಾರ, ತುಮಕೂರು ಕಡೆಯವರು, ಆಂಧ್ರ ತಮಿಳುನಾಡಿನವರು ಎಲ್ಲ ಇರುತ್ತಾರೆ. ಹೋದರೆ ಭಾನುವಾರ ಬೆಳಗ್ಗೆ ಏಳರೊಳಗೆ ಹೋಗಿ. ನ್ಯಾಷನಲ್ ಕಾಲೇಜು ಮೆಟ್ರೋದಲ್ಲಿ ಇಳಿದು ನಡೆದರೆ ಆಯಿತು. ಸಂಜೆ ಅಲ್ಲಿ ನಡೆಯೋದಲ್ಲ, ಜನ ನಮ್ಮನ್ನು ತಳ್ಳಿಕೊಂಡು ಹೋಗೋದು. ಬೆಳಗ್ಗೆಯಾದರೆ ಮಾರುವವರಿಗೂ ಮಾತಾಡಲು ಪುರುಸೊತ್ತಿರುತ್ತೆ.

ಹಾಗೆ ಒಂದು ಬೆಳಗ್ಗೆ ಚಿಂತಾಮಣಿ ಕಡೆಯ ಒಬ್ಬ ಅಜ್ಜಿಯ ಮುಂದೆ ಕುಕ್ಕರಗಾಲಲ್ಲಿ ಕೂತು, "ಬಲಿತಿದೆಯಾ ಅಜ್ಜಿ?" ಅಂತ ಕೇಳಿದೆ. ಅಜ್ಜಿ ಮಾತಾಡಲಿಲ್ಲ. ರಾಶಿಯಿಂದ ಎರಡು ಕಾಯಿ ತೆಗೆದು ಬೆರಳಲ್ಲೇ ಸೀಳಿ, ಬೀಜ ನನ್ನ ಅಂಗೈಗೆ ಹಾಕಿ, ಖಾಲಿ ಸಿಪ್ಪೆಯ ಒಳಮೈ ತೋರಿಸಿದರು. ಒಂದರ ಒಳಗೆ ಕಂದು ಬಣ್ಣದ ಕಲೆ. ಇನ್ನೊಂದರ ಒಳಗೆ ಹತ್ತಿಯಂಥ ಬಿಳುಪು. "ಒಳಗೆ ಕಪ್ಪಾದ್ರೆ ಬಲ್ತದ್ದು ಕಣವ್ವ. ಬೆಳ್ಳಗಿದ್ರೆ ಇನ್ನೂ ಎಳಸು, ಸುಕ್ಕಾಗೋಗ್ತದೆ," ಅಂದರು. ಆಮೇಲೆ ಒಂದು ಕಾಯಿ ಕಿವಿಯ ಹತ್ತಿರ ಅಲ್ಲಾಡಿಸಿದರು. ಗಲಗಲ ಅಂದರೆ ಒಣಗಿದೆ, ಡಬ್ಬಿಗೆ ಹಾಕಿಡಬಹುದು. ಸದ್ದಿಲ್ಲದಿದ್ದರೆ ಇನ್ನೂ ಹಸಿ, ಅವತ್ತೇ ಬೇಯಿಸಬೇಕು. ಸೇರಿನ ಮೇಲೆ ಗೋಪುರ ಬರುವ ಹಾಗೆ ಅಳೆದು, ಕೊನೆಗೆ ಒಂದು ಬೊಗಸೆ ಕೊಸರು ಹಾಕಿದರು. ನಾನು ಕೇಳಿರಲಿಲ್ಲ. ತೂಕದ ಯಂತ್ರ ಬಂದಲ್ಲೆಲ್ಲ ಕೊಸರು ಹೊರಟು ಹೋಗಿದೆ. ಪರಿಷೆಯಲ್ಲಿ ಸೇರು ಉಳಿದಿರುವುದರಿಂದ ಅದೂ ಉಳಿದಿದೆ.

ಪರಿಷೆಗೆ ಹೋದವರು ಬಜ್ಜಿ, ಗಾಜಿನ ಬಳೆ, ಬತ್ತಾಸು, ಮಕ್ಕಳ ಆಟದ ಸಾಮಾನು ಎಲ್ಲ ನೋಡಿ. ಆದರೆ ಕಾಯಿ ಕೊಳ್ಳುವಾಗ "ಯಾವೂರು? ನಿಮ್ಮ ಹೊಲದ್ದೇನಾ?" ಅಂತ ಒಂದು ಮಾತು ಕೇಳಿ. ಮಂಡಿಯಿಂದ ತಂದು ಮಾರುವವರೇ ಈಗ ಹೆಚ್ಚು. ಅವರದ್ದೂ ಹೊಟ್ಟೆಪಾಡು, ತಪ್ಪೇನಿಲ್ಲ. ಆದರೆ ತಾನೇ ಬೆಳೆದು ತಂದ ರೈತ ಇನ್ನೂ ಅಲ್ಲಿ ಕೂತಿರುವಷ್ಟು ದಿನ ಅವರನ್ನು ಹುಡುಕಿ ಕೊಳ್ಳಬೇಕು ಅನ್ನೋದು ನನ್ನ ಹಟ. ಕೈಚೀಲ ಮನೆಯಿಂದಲೇ ಒಯ್ಯಿರಿ. ಒಂದಷ್ಟು ಒಣಗಿದ ಕಾಯಿ ಎತ್ತಿಟ್ಟರೆ ಸಂಕ್ರಾಂತಿಯ ಎಳ್ಳಿಗೆ ಬೀಜ ಅಂಗಡಿಯಿಂದ ತರಬೇಕಾಗಿಲ್ಲ. ನಮ್ಮತ್ತೆ ಮೊದಲಿನಿಂದಲೂ ಹಾಗೇ ಮಾಡಿಕೊಂಡು ಬಂದಿದ್ದಾರೆ.

ಇನ್ನು ಅವರೆ. ಇದರ ಬಗ್ಗೆ ಬರೆಯಲು ಕೂತರೆ ನನಗೆ ನಿಲ್ಲಿಸೋಕೆ ಆಗೋದಿಲ್ಲ.

ನಮ್ಮ ಕಡೆ ರಾಗಿಯನ್ನು ಒಂದೇ ಬೆಳೆಯಾಗಿ ಹಾಕೋ ಪದ್ಧತಿ ಇರಲಿಲ್ಲ. ಏಳೆಂಟು ಸಾಲು ರಾಗಿಗೆ ಒಂದು ಅಕ್ಕಡಿ ಸಾಲು. ಅದರಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಜೋಳ. ರಾಗಿ ಕುಯ್ದಾದ ಮೇಲೆ ಹೊಲದಲ್ಲಿ ಅವರೆ ಸಾಲು ಮಾತ್ರ ಉಳಿಯುತ್ತೆ. ಆಗ ಅದಕ್ಕೆ ಜಾಗ ಸಿಗುತ್ತೆ, ಬಿಸಿಲು ಸಿಗುತ್ತೆ, ಬೆಳಗಿನ ಇಬ್ಬನಿ ಸಿಗುತ್ತೆ. ನಾಟಿ ಅವರೆ ಹಗಲು ಗಿಡ್ಡವಾಗದ ಹೊರತು ಹೂ ಬಿಡೋದೇ ಇಲ್ಲ. ಆಷಾಢದಲ್ಲಿ ಬಿತ್ತಿ ಎಷ್ಟೇ ಗೊಬ್ಬರ ಕೊಟ್ಟರೂ ಅದು ಕಾಯೋದು ಚಳಿಗಾಲದ ಗಿಡ್ಡ ಹಗಲಿಗೆ. ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದವರು ಹಗಲಿನ ಲೆಕ್ಕ ನೋಡದೆ ಯಾವ ಕಾಲಕ್ಕಾದರೂ ಹೂ ಬಿಡುವ ತಳಿಗಳನ್ನು ಕೊಟ್ಟಿದ್ದಾರೆ. ಹೆಬ್ಬಾಳ ಅವರೆ ಅಂತಲೇ ಹೆಸರು. ರೈತರಿಗೆ ಅದರಿಂದ ಒಳ್ಳೆಯದೇ ಆಗಿದೆ, ಈಗ ಯಾವ ತಿಂಗಳಲ್ಲೂ ಮಾರುಕಟ್ಟೆಯಲ್ಲಿ ಅವರೆಕಾಯಿ ಸಿಗುತ್ತೆ. ಆದರೆ ಸೊಗಡು? ಡಿಸೆಂಬರಿನ ಅವರೆಕಾಯಿ ಸುಲಿಯುವಾಗ ಸಿಪ್ಪೆಯ ಮೇಲಿನ ಆ ಜಿಡ್ಡು ಬೆರಳಿಗೆ ಅಂಟಿ, ಸೋಪು ಹಾಕಿ ತೊಳೆದರೂ ಮಾರನೇ ದಿನ ಆಫೀಸಿನಲ್ಲಿ ಫೈಲು ತಿರುವುವಾಗ ವಾಸನೆ ಬರುತ್ತಲ್ಲ, ಅದು ಬೇಸಿಗೆಯ ಕಾಯಲ್ಲಿಲ್ಲ. ಇಬ್ಬನಿ ಕುಡಿದ ಕಾಯಿಗೇ ಸೊಗಡು ಅಂತ ಅಪ್ಪ ಹೇಳ್ತಾರೆ. ನಮ್ಮ ಕಡೆ ಎಲ್ಲರೂ ಹೇಳೋದು ಅದನ್ನೇ.

ಊರಿಂದ ಮೂಟೆ ಬಂದ ರಾತ್ರಿ ನಮ್ಮ ಮನೆಯಲ್ಲಿ ಟಿವಿ ಮುಂದೆ ಪೇಪರು ಹಾಸಿ ಎಲ್ಲರೂ ಸುಲಿಯಲು ಕೂರಬೇಕು. ಹುಳ ಕಂಡರೆ ಮಗಳು ಕಿರುಚುತ್ತಾಳೆ. "ಔಷಧಿ ಹೊಡೆದಿಲ್ಲ ಅಂತ ಅರ್ಥ ಕಣೆ, ಸುಮ್ನೆ ಸುಲಿ" ಅಂತಾರೆ ನಮ್ಮತ್ತೆ. ಕಾಳನ್ನು ರಾತ್ರಿ ನೆನೆಹಾಕಿ, ಬೆಳಗ್ಗೆ ಹೆಬ್ಬೆರಳು ತೋರುಬೆರಳ ನಡುವೆ ಹಿದುಕಿದರೆ ಬೇಳೆ ಪಟಕ್ಕನೆ ಹಾರಿ ಪಾತ್ರೆಗೆ ಬೀಳುತ್ತೆ. ಹಿದುಕಿದ ಬೇಳೆ ಸಾರು, ಮುದ್ದೆ. ಅವತ್ತು ನಮ್ಮ ಮನೆಯಲ್ಲಿ ಬೇರೆ ಅಡುಗೆಯ ಮಾತೇ ಇಲ್ಲ.

ಸುಲಿಯಲು ಪುರುಸೊತ್ತಿಲ್ಲದವರಿಗೆ ಅವರೆಬೇಳೆ ಮೇಳ ಇದೆ. ವಿ.ವಿ. ಪುರದ ಸಜ್ಜನ್ ರಾವ್ ಸರ್ಕಲ್ ಹತ್ತಿರ ತಿಂಡಿ ಬೀದಿಯಲ್ಲಿ ನಡೆಯುತ್ತಿತ್ತು. ಜನ ಹೆಚ್ಚಾಗಿ ಈಚೆಗೆ ನ್ಯಾಷನಲ್ ಕಾಲೇಜು ಮೈದಾನಕ್ಕೆ ಬಂದಿದೆ. ಅವರೆಬೇಳೆ ದೋಸೆ, ಹೋಳಿಗೆ, ಜಾಮೂನು, ಜಿಲೇಬಿವರೆಗೂ ಮಾಡಿಟ್ಟಿರುತ್ತಾರೆ. ಸಿಹಿಗಳ ಬಗ್ಗೆ ನನಗೆ ಅಷ್ಟು ಒಲವಿಲ್ಲ. ದೋಸೆ, ಅಕ್ಕಿರೊಟ್ಟಿ, ಉಪ್ಪಿಟ್ಟು ತಿನ್ನಿ. ಹುರಿದ ಬೇಳೆಯ ಖಾರ ಒಂದು ಪೊಟ್ಟಣ ಕಟ್ಟಿಸಿಕೊಳ್ಳಿ. ಮಾಗಡಿಯ ಕಾಯಿ ಅಂತ ಅಲ್ಲಿ ಕೂಗಿ ಮಾರುವುದು ಕಿವಿಗೆ ಬಿದ್ದರೆ ನನಗೆ ಎರಡು ದಿನ ಸಂತೋಷ.

ಡಿಸೆಂಬರ್ ಮಧ್ಯಕ್ಕೆ ಧನುರ್ಮಾಸ. ಸೂರ್ಯ ಹುಟ್ಟೋ ಮುಂಚೆ ದೇವಸ್ಥಾನಗಳಲ್ಲಿ ಪೂಜೆ, ಬಿಸಿ ಹುಗ್ಗಿ ಪ್ರಸಾದ. ಐದೂವರೆಗೆ ಗಾಂಧಿಬಜಾರಿನ ಕಡೆ ನಡೆದು ಹೋದರೆ ಮಂಜಿನಲ್ಲಿ ಹೂವಿನವರ ಬುಟ್ಟಿಗಳು ಆಗಷ್ಟೇ ಇಳಿಯುತ್ತಿರುತ್ತವೆ. ಹುಗ್ಗಿಗೆ ಹೊಸ ಅವರೆಕಾಳು ಹಾಕಿದ್ದರೆ ಅವತ್ತಿನ ಪುಣ್ಯ.

ಕ್ರಿಸ್‌ಮಸ್‌ಗೆ ಬ್ರಿಗೇಡ್ ರಸ್ತೆ, ಕಮರ್ಷಿಯಲ್ ಸ್ಟ್ರೀಟಿನ ದೀಪ ನೋಡಲು ಎಲ್ಲರೂ ಹೋಗ್ತಾರೆ. ಆ ನೂಕುನುಗ್ಗಲು ನನಗೆ ಬೇಡ. ನಾನು ಹೋಗೋದು ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾಗೆ, ಹಬ್ಬದ ಹಿಂದಿನ ಅಥವಾ ಮುಂದಿನ ದಿನ. ಕನ್ನಡ, ತಮಿಳು, ಇಂಗ್ಲಿಷ್ ಮೂರರಲ್ಲೂ ಪೂಜೆ ನಡೆಯುವ ಚರ್ಚು ಅದು. ಎಲ್ಲ ಧರ್ಮದವರೂ ಮೇಣದ ಬತ್ತಿ ಹಿಡಿದು ನಿಂತಿರುತ್ತಾರೆ. ಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆ ಮಾದರಿಗೆ ಗೋದಲಿ ಅಂತಾರೆ, ಅದರ ಮುಂದೆ ಮಕ್ಕಳ ದಂಡು. ನನ್ನ ಜೊತೆ ಕೆಲಸ ಮಾಡುವವರೊಬ್ಬರು ಮನೆಯ ಗೋದಲಿಗೆ ಹದಿನೈದು ದಿನ ಮುಂಚೆಯೇ ತೆಂಗಿನ ಚಿಪ್ಪುಗಳಲ್ಲಿ ಮಣ್ಣು ತುಂಬಿ ರಾಗಿ ಚೆಲ್ಲುತ್ತಾರೆ. ಹಬ್ಬದ ಹೊತ್ತಿಗೆ ಬೆರಳುದ್ದದ ಹಸಿರು ಪೈರು ಬಂದಿರುತ್ತೆ. ಅದರ ನಡುವೆ ಕುರಿ, ಕುರುಬರು, ದನ, ಬಾಲಯೇಸು. ಮೊದಲ ಸಲ ನೋಡಿದಾಗ ನಮ್ಮ ಹೊಲ ಕಣ್ಣ ಮುಂದೆ ಬಂತು. ಅವರ ಮನೆಯ ದ್ರಾಕ್ಷಾರಸವೂ ಇಲ್ಲಿನ ಮಣ್ಣಿನದೇ. ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆ ಬೆಳೆಯುವ, ಭೌಗೋಳಿಕ ಸೂಚಿ ಮಾನ್ಯತೆ ಇರುವ ಬೆಂಗಳೂರು ನೀಲಿ ದ್ರಾಕ್ಷಿಯಿಂದ ಮಾಡಿದ್ದು.

ಜನವರಿಯ ಮೊದಲ ಭಾನುವಾರದ ಆಸುಪಾಸು ಚಿತ್ರಸಂತೆ. 1960ರಲ್ಲಿ ಶುರುವಾದ ಕರ್ನಾಟಕ ಚಿತ್ರಕಲಾ ಪರಿಷತ್ತು 2003ರಿಂದ ನಡೆಸಿಕೊಂಡು ಬಂದದ್ದು. ಅವತ್ತು ಕುಮಾರಕೃಪಾ ರಸ್ತೆಯಲ್ಲಿ ವಾಹನ ಇಲ್ಲ, ಚಿತ್ರಗಳು ಮಾತ್ರ. ದೇಶದ ಎಲ್ಲ ಕಡೆಯಿಂದ ಸಾವಿರಕ್ಕೂ ಹೆಚ್ಚು ಕಲಾವಿದರು ಬಂದು ಫುಟ್‌ಪಾತಿನ ಮೇಲೆ ತಮ್ಮ ಕೆಲಸ ಹರಡಿಕೊಂಡು ಕೂರುತ್ತಾರೆ. ನೂರಿನ್ನೂರು ರೂಪಾಯಿಂದ ಲಕ್ಷದವರೆಗೆ ಬೆಲೆ. ಗ್ಯಾಲರಿಯ ಗಾಜಿನ ಬಾಗಿಲು ತಳ್ಳಿ ಒಳಗೆ ಹೋಗಲು ಹಿಂಜರಿಯುವ ನನ್ನಂಥವರಿಗೆ ಸಂತೆಯ ರೂಪ ಕೊಟ್ಟವರು ಪುಣ್ಯವಂತರು. ಸಂತೆಯಲ್ಲಿ ನಿಂತು ನೋಡಬಹುದು, ಬೆಲೆ ಕೇಳಬಹುದು, ಕೊಳ್ಳದೆ ಮುಂದೆ ಹೋಗಬಹುದು. ಯಾರೂ ಏನೂ ಅಂದುಕೊಳ್ಳೋದಿಲ್ಲ.

ಗದಗ ಕಡೆಯ ಒಬ್ಬ ಹುಡುಗನ ಹತ್ತಿರ ಒಂದು ಜಲವರ್ಣ ನೋಡಿದೆ. ಕೊಯ್ಲಾದ ಹೊಲ, ಒಂದು ಬಣವೆ, ಹಿಂದೆ ತೆಳು ನೀಲಿ ಬೆಟ್ಟ, ಅಷ್ಟೇ. ಹತ್ತಿರ ಹೋದರೆ ಬಣವೆಯ ನೆರಳಿನ ಜಾಗದಲ್ಲಿ ಅವನು ಬಣ್ಣವನ್ನೇ ಹಾಕಿರಲಿಲ್ಲ, ಕಾಗದದ ಮೇಲೆ ನೀರು ಬಿಟ್ಟು ಸುತ್ತಲಿನ ಬಣ್ಣ ತಾನಾಗಿ ಹರಿದು ಬರಲು ಬಿಟ್ಟಿದ್ದ. "ಎಷ್ಟೊತ್ತು ಹಿಡೀತಪ್ಪ ಇದಕ್ಕೆ?" ಅಂದೆ. "ಬರಿಯೋಕ ಅರ್ಧ ತಾಸು ರೀ ಅಕ್ಕಾರ. ಒಣಗೂತನಕ ಕೈ ಹಚ್ಚದs ಕುಂದ್ರೋದು ಭಾಳ ತ್ರಾಸು," ಅಂದ. ಚೌಕಾಸಿ ಮಾಡಲು ಮನಸ್ಸು ಬರಲಿಲ್ಲ. ಆ ಚಿತ್ರ ಈಗ ನಮ್ಮ ಊಟದ ಮನೆಯ ಗೋಡೆಯ ಮೇಲಿದೆ. ದಯವಿಟ್ಟು ಒಂದು ಮಾತು: ಚಿತ್ರಸಂತೆಗೆ ಹೋಗಿ ಬರೀ ಫೋಟೋ ಹೊಡೆದುಕೊಂಡು ಬರಬೇಡಿ. ಸಣ್ಣದಾದರೂ ಸರಿ, ಒಂದು ಚಿತ್ರ ಕೊಂಡುಕೊಳ್ಳಿ. ರಾತ್ರಿ ಬಸ್ಸು ಹತ್ತಿ ಬಂದು ದಿನವಿಡೀ ಬಿಸಿಲಲ್ಲಿ ಕೂತವರು ಅವರು. ಮಧ್ಯಾಹ್ನದ ಮೇಲೆ ಕಾಲಿಡಲು ಜಾಗ ಇರೋದಿಲ್ಲ. ಒಂಬತ್ತಕ್ಕೇ ಹೋಗಿಬಿಡಿ. ದಾರಿಯಲ್ಲಿ ಎಲೆ ಉದುರಿಸಿ ಗುಲಾಬಿ ಹೂ ಹೊತ್ತ ಟಬೂಬಿಯಾ ಮರಗಳೂ ಆ ಹೊತ್ತಿಗೆ ಕಣ್ಣಿಗೆ ಬೀಳುತ್ತವೆ.

ಸಂಕ್ರಾಂತಿ ಸಂಜೆ ಗವಿಪುರದ ಗವಿಗಂಗಾಧರೇಶ್ವರ ದೇವಸ್ಥಾನಕ್ಕೆ ಊರೇ ಹೋಗುತ್ತೆ. ಮುಳುಗುವ ಸೂರ್ಯನ ಕಿರಣ ಕಿಂಡಿಯಿಂದ ಒಳಬಂದು ನಂದಿಯ ಕೊಂಬುಗಳ ನಡುವೆ ಹಾದು ಲಿಂಗವನ್ನು ಮುಟ್ಟುತ್ತೆ, ಕೆಲವೇ ನಿಮಿಷ. ಅಂಗಳದಲ್ಲಿ ಸೂರ್ಯಪಾನ, ಚಂದ್ರಪಾನ, ತ್ರಿಶೂಲ, ಡಮರುಗಗಳ ಕಲ್ಲಿನ ಕಂಬಗಳು. ಅವತ್ತು ಗವಿಯೊಳಗೆ ಕಾಲಿಡುವುದು ಕಷ್ಟ, ಹೆಚ್ಚಿನವರು ಹೊರಗೆ ಪರದೆಯ ಮೇಲೆ ನೋಡುತ್ತಾರೆ. ಇಲ್ಲೊಂದು ಸಂಗತಿ ಹೇಳಬೇಕು. ವರ್ಷದ ಅತಿ ಗಿಡ್ಡ ಹಗಲು ಡಿಸೆಂಬರ್ 21ರ ಆಸುಪಾಸು. ಅದರ ಹಿಂದೆ ಮುಂದೆ ಸಮ ದೂರದ ದಿನಗಳಲ್ಲಿ ಸೂರ್ಯ ಮುಳುಗುವ ದಿಕ್ಕು ಒಂದೇ. ಜನವರಿ 14 ಅದರಿಂದ ಇಪ್ಪತ್ನಾಲ್ಕು ದಿನ ಆಚೆ ಅಂದರೆ, ಇಪ್ಪತ್ನಾಲ್ಕು ದಿನ ಈಚೆ ನವೆಂಬರ್ ಕೊನೆಯ ವಾರಕ್ಕೂ ಅದೇ ದಿಕ್ಕಿನ ಬೆಳಕು ಆ ಗವಿಗೆ ಬರಬೇಕು. ಹೆಚ್ಚುಕಡಿಮೆ ಪರಿಷೆಯ ದಿನಗಳಲ್ಲೇ, ಗವಿಪುರಕ್ಕೂ ಬಸವನಗುಡಿಗೂ ನಡೆದು ಹೋಗುವಷ್ಟೇ ದೂರ. ಯಾವ ಗಡಿಯಾರವೂ ಇಲ್ಲದೆ ಹಗಲಿನ ಉದ್ದ ಅಳೆದು ಹೂ ಬಿಡುವ ಅವರೆ ಗಿಡ, ಅದೇ ಲೆಕ್ಕದಲ್ಲಿ ಕಲ್ಲು ಕೊರೆದ ಸ್ಥಪತಿ. ಇಬ್ಬರಿಗೂ ನಾನು ಕೈ ಮುಗಿಯುತ್ತೇನೆ.

ಹಿಂದಿನ ದಿನ ಗಾಂಧಿಬಜಾರಿನಲ್ಲಿ ಕಬ್ಬಿನ ಜಲ್ಲೆ, ಸಕ್ಕರೆ ಅಚ್ಚು, ಗೆಣಸು, ಸೊಗಡಿನ ಕಾಯಿ ಎಲ್ಲ ಗುಡ್ಡೆ ಬಿದ್ದಿರುತ್ತೆ. ಮಗಳು ಪಕ್ಕದ ಬೀದಿಯವರಿಗೂ ಎಳ್ಳು ಬೀರಿ ಬರುತ್ತಾಳೆ. ಊರೊಳಗೆ ಉಳಿದಿರುವ ಹಳೇ ಹಳ್ಳಿಗಳಲ್ಲಿ ಸಂಜೆ ದನ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಕಿಚ್ಚು ಹಾಯಿಸುವುದು ಈಗಲೂ ಇದೆ. ನಿಮ್ಮ ಬಡಾವಣೆಯ ಹಿಂದೆ ಯಾವ ಹಳ್ಳಿ ಇತ್ತು ಅಂತ ಕೇಳಿ ನೋಡಿ, ಅಲ್ಲೇ ಇರುತ್ತೆ.

ಕೊನೆಗೆ ಗಣರಾಜ್ಯೋತ್ಸವದ ಹೊತ್ತಿನ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನ. ಆಗಸ್ಟಿನದ್ದಕ್ಕಿಂತ ಜನವರಿಯದು ಮೇಲು ಅಂತ ನನ್ನ ಅನಿಸಿಕೆ. ಚಳಿಯ ಹೂಗಳು ಅದಕ್ಕೆ ಸೇರಿರುತ್ತವೆ, ಮಳೆಯ ಕಾಟವಿಲ್ಲ. 1889ರಲ್ಲಿ ಅಡಿಗಲ್ಲು ಹಾಕಿದ ಗಾಜಿನ ಮನೆಯೊಳಗೆ ಹೂವಿನಲ್ಲಿ ಕಟ್ಟಿದ ದೊಡ್ಡ ಆಕೃತಿಯ ಸುತ್ತ ಸಾಲು ಮುಂದೆ ಸಾಗುವುದೇ ಇಲ್ಲ. ಅದನ್ನು ಬೇಗ ನೋಡಿ ಮುಗಿಸಿ, ಹೊರಗಿನ ಮಡಿಗಳಲ್ಲಿ ನಿಧಾನವಾಗಿ ತಿರುಗಿ. ಮರಿಗೌಡ ಸ್ಮಾರಕ ಭವನದಲ್ಲಿ ಇಕೆಬಾನ ಅನ್ನೋ ಜಪಾನಿ ಹೂಜೋಡಣೆ, ತರಕಾರಿ ಕೆತ್ತನೆಗಳ ಪ್ರದರ್ಶನ ಇದ್ದರೆ ಅಲ್ಲಿಗೂ ಹೋಗಿ. ಕುಂಡದ ಒಂದೊಂದು ಗಿಡವೂ ಪ್ರದರ್ಶನದ ವಾರಕ್ಕೆ ಸರಿಯಾಗಿ ಹೂ ಬಿಡುವಂತೆ ತಿಂಗಳುಗಟ್ಟಲೆ ಮುಂಚೆ ದಿನ ಎಣಿಸಿ ಬಿತ್ತಿದ್ದು. ತಿಂಗಳುಗಟ್ಟಲೆ ನೀರು ಹಾಕಿ, ಚಿಗುರು ಚಿವುಟಿ ಬೆಳೆಸಿದ ತೋಟದ ಮಾಲಿಗಳು ಅಲ್ಲೇ ಪಕ್ಕದಲ್ಲಿ ಪೈಪು ಹಿಡಿದು ನಿಂತಿರುತ್ತಾರೆ. ಅವರನ್ನು ಮಾತಾಡಿಸಿ. ಯಾವ ಗಿಡಕ್ಕೆ ಎಷ್ಟು ಬಿಸಿಲು ಅಂತ ಕೇಳಿದರೆ ಖುಷಿಯಿಂದ ಹೇಳ್ತಾರೆ. ಕಾಲಿಗೆ ಬಲವಿದ್ದರೆ ಕೆಂಪೇಗೌಡ ಗೋಪುರದ ಬಂಡೆ ಹತ್ತಿ. ಸುಮಾರು 300 ಕೋಟಿ ವರ್ಷದ ಕಲ್ಲು ಅದು.

ಅಪ್ಪ ಇದುವರೆಗೆ ಚಳಿಗಾಲದಲ್ಲಿ ಬೆಂಗಳೂರಿಗೆ ಬಂದು ನಿಂತವರಲ್ಲ. ಕೊಯ್ಲು, ಕಣ, ದನ ಅಂತ ಒಂದಲ್ಲ ಒಂದು ಇರುತ್ತೆ. ಈ ಸಲ ಕಣ ಬೇಗ ಮುಗಿದರೆ ಜನವರಿಯಲ್ಲಿ ನಾಲ್ಕು ದಿನ ಬರ್ತೀನಿ ಅಂದಿದ್ದಾರೆ. ಲಾಲ್‌ಬಾಗ್ ಮೆಟ್ರೋ ನಿಲ್ದಾಣದಿಂದ ತೋಟಕ್ಕೆ ಹೆಚ್ಚು ನಡಿಗೆ ಇಲ್ಲ, ಅವರ ಮೊಣಕಾಲಿಗೂ ಆಗುತ್ತೆ. ಭಾನುವಾರ ಬೇಡ, ವಾರದ ಮಧ್ಯೆ ಒಂದು ದಿನ ಆಫೀಸಿಗೆ ರಜಾ ಹಾಕಿ ಬೆಳಗ್ಗೆಯೇ ಕರ್ಕೊಂಡು ಹೋಗೋದು ಅಂತ ನಮ್ಮತ್ತೆ, ಮಗಳು, ನಾನು ಸೇರಿ ಗೊತ್ತು ಮಾಡಿದ್ದೀವಿ.